ನೋಡದೆ ತೋರಿಸಿದ ಬಂಡೆ

ಮಧ್ಯಾಹ್ನ ಊಟವಾದ ಮೇಲೆ ಕಾಂದಿವಲಿಯ ನಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿದರೆ ನನಗೆ ಒಂದು ದೇಶ ಕಾಣಿಸುತ್ತದೆ. ಅದು ಪೂರ್ತಿ ಇಸ್ರೇಲೂ ಅಲ್ಲ, ಪೂರ್ತಿ ಮುಂಬಯಿಯೂ ಅಲ್ಲ. ಮರಳು ಬಣ್ಣದ ಬೆಟ್ಟಗಳ ನಡುವೆ ವಿರಾರ್ ಲೋಕಲ್ ಓಡುತ್ತಿರುತ್ತದೆ. ದೊಡ್ಡ ದೊಡ್ಡ ಕಲ್ಲಿನ ಹಳೆಯ ಗೋಡೆಗೆ ಹಣೆ ಹಚ್ಚಿ ಜನ ಪ್ರಾರ್ಥನೆ ಮಾಡುತ್ತಿರುತ್ತಾರೆ. ಅದೇ ಗೋಡೆಗೆ ಒರಗಿ ನನ್ನ ಹೆಂಡತಿ ಮೆಂತ್ಯದ ಸೊಪ್ಪು ಸೋಸುತ್ತಾ ಕೂತಿರುತ್ತಾಳೆ. ಅವಳು ತೀರಿಕೊಂಡು ಬಹಳ ವರ್ಷಗಳಾದವು. ಆ ದೇಶವನ್ನು ಅವಳು ನೋಡಲೇ ಇಲ್ಲ. ಆದರೂ ಅಲ್ಲಿ ಅವಳು ಇರುತ್ತಾಳೆ, ನಾನು ಏನೂ ಕೇಳುವುದಿಲ್ಲ.

ಕೊನೆಗೆ ಒಂದು ಬಂಡೆ ಬರುತ್ತದೆ. ಕಪ್ಪು ಬಂಡೆ. ಅದರ ಮೇಲೆ ಗಾಲಿ ಉರುಳಿಹೋದ ಗೆರೆ. ಗೆರೆಯಲ್ಲಿ ನಿಂತ ನೀರು. ನೀರಿನಲ್ಲಿ ಹೆಬ್ಬೆರಳ ಉಗುರಿನಷ್ಟು ಒಂದು ಏಡಿ. ಆ ಬಂಡೆಯನ್ನು ದೇವರು ಮಾಡಿದ್ದಲ್ಲ, ನಾನು ಮಾಡಿದ್ದು. ಅದನ್ನು ಹೇಗೆ ಮಾಡಿದೆ, ಅದರಿಂದ ಏನಾಯಿತು ಎಂಬುದನ್ನು ಹೇಳಿ ಮುಗಿಸಬೇಕೆಂದು ಬರೆಯಲು ಕೂತಿದ್ದೇನೆ.

ನಾನು ವಿಜಾಪುರದ ಕಡೆಯವನು. ಮ್ಯಾಟ್ರಿಕ್ ಮುಗಿಸಿ ಮುಂಬಯಿಗೆ ಬಂದು ದಾದರಿನ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆದೆ. ಇಳಕಲ್ ಸೀರೆಗಳ ಗಾದಿ ನನ್ನದು. ಬಿಳಿ ಹಾಸಿಗೆಯ ಮೇಲೆ ಕಾಲು ಮಡಚಿ ಕೂತು, ಎದುರಿಗಿದ್ದ ಹೆಂಗಸರಿಗೆ ಸೀರೆ ಬಿಡಿಸಿ ತೋರಿಸುವುದು ನನ್ನ ಕೆಲಸ. ಮೊದಲು ಒಡಲು, ಆಮೇಲೆ ಅಂಚು, ಕೊನೆಗೆ ಸೆರಗು. ಸೆರಗನ್ನು ಮೊದಲೇ ತೋರಿಸಿಬಿಟ್ಟರೆ ವ್ಯಾಪಾರ ಆಗುವುದಿಲ್ಲ. ಆ ಗಾದಿಯ ಮೇಲೆ ಕಲಿತ ಮಾತು ಮುಂದೆ ನನ್ನ ನಾಲಿಗೆಯಿಂದ ಹೋಗಲೇ ಇಲ್ಲ.

ಆಗ ನಮ್ಮ ಮನೆ ಭಾಯಖಳಾದ ಒಂದು ಚಾಳಿನಲ್ಲಿ, ಎರಡನೆಯ ಮಾಳಿಗೆಯಲ್ಲಿ. ಪಕ್ಕದ ಖೋಲಿಯಲ್ಲಿ ಒಬ್ಬ ಯಹೂದಿ ಹೆಂಗಸು ಇದ್ದಳು, ನನಗಿಂತ ಹನ್ನೆರಡು ಹದಿಮೂರು ವರ್ಷ ದೊಡ್ಡವಳು. ಗಂಡ ತೀರಿಕೊಂಡಿದ್ದ, ಒಬ್ಬ ಮಗನಿದ್ದ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಮನೆಮಾತು ಮರಾಠಿ. ಅವಳ ಹಿರಿಯರು ಎಷ್ಟೋ ಕಾಲದ ಹಿಂದೆ ಹಡಗು ಒಡೆದು ಕೊಂಕಣದ ದಂಡೆಗೆ ಬಂದು ಬಿದ್ದವರಂತೆ. ಅಲ್ಲಿಯೇ ಗಾಣ ಹಾಕಿ ಎಣ್ಣೆ ತೆಗೆದು ಬದುಕಿದರು. ಶನಿವಾರ ಕೆಲಸ ಮಾಡಬಾರದೆಂಬ ಧರ್ಮದ ಕಟ್ಟಳೆಯಿಂದ ಅಂದು ಗಾಣ ತಿರುಗಿಸುತ್ತಿರಲಿಲ್ಲವಾದ್ದರಿಂದ ಕೊಂಕಣದ ಜನ ಅವರನ್ನು ಶನಿವಾರದ ಗಾಣಿಗರು ಎಂದು ಕರೆದರು. ನಮ್ಮ ನೆರೆಯವಳೂ ಶನಿವಾರ ಒಲೆ ಹಚ್ಚುತ್ತಿರಲಿಲ್ಲ. ನನ್ನ ಹೆಂಡತಿಯೇ ಹೋಗಿ ಅವಳ ಸ್ಟೋವ್ ಹಚ್ಚಿ ಚಹಾ ಇಟ್ಟು ಬರುತ್ತಿದ್ದಳು. ಇಡೀ ಚಾಳು ಅವಳನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು; ನಾವಿಬ್ಬರು ಮಾತ್ರ ಅಕ್ಕಾ ಎನ್ನುತ್ತಿದ್ದೆವು. ನನ್ನ ಹೆಂಡತಿಯಿಂದ ಅವಳು ನಮ್ಮ ಕಡೆಯ ಕನ್ನಡ ಕಲಿತು ನನ್ನನ್ನು ತಮ್ಮಾ ಎನ್ನುತ್ತಿದ್ದಳು. ಮರಾಠಿಯನ್ನೂ ಬೆರೆಸುತ್ತಿದ್ದಳು, ಆದರೆ ನನ್ನ ನೆನಪಿನಲ್ಲಿ ಅವಳ ಮಾತೆಲ್ಲ ಕನ್ನಡದಲ್ಲೇ ಉಳಿದಿದೆ.

ನನ್ನ ಮಗಳಿಗೆ ಮೂರು ವರ್ಷ ತುಂಬಿದ ಮಳೆಗಾಲದಲ್ಲಿ ವಿಷಮಜ್ವರ ಬಂತು. ಎಷ್ಟು ದಿನವಾದರೂ ಇಳಿಯಲಿಲ್ಲ. ಅಕ್ಕ ತನ್ನ ಡ್ಯೂಟಿ ಮುಗಿಸಿ ನೇರವಾಗಿ ನಮ್ಮ ಖೋಲಿಗೆ ಬಂದು ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂಡುತ್ತಿದ್ದಳು. ಒಂದು ದಿನ ಮಗಳು ಕಣ್ಣು ಮೇಲೆ ಮಾಡಿದಾಗ, ಅವಳ ಕಿವಿಯ ಹತ್ತಿರ ಬಾಯಿ ಇಟ್ಟು ಹೇಳಿದಳು, “ನೀ ಎದ್ದು ಕೂತರ ನಿಮ್ಮಪ್ಪ ಬಂಡೆಗೆ ಮಾಲಿದಾ ಒಯ್ತಾನ.”

ಮುಂಬಯಿಯಿಂದ ಸಮುದ್ರದ ಆಚೆ, ಅಲಿಬಾಗಿನ ಹತ್ತಿರದ ಒಂದು ಹಳ್ಳಿಯಲ್ಲಿ ಆ ಬಂಡೆ ಇದೆ. ಅವರ ಒಬ್ಬ ಪ್ರವಾದಿ ಬೆಂಕಿಯ ರಥದಲ್ಲಿ ಜೀವಂತವಾಗಿ ಆಕಾಶಕ್ಕೆ ಹೋದವನು. ಅವನು ಕೊಂಕಣಕ್ಕೂ ಬಂದಿದ್ದ, ಅಲ್ಲಿಂದ ಮೇಲಕ್ಕೇರುವಾಗ ರಥದ ಗಾಲಿಯ ಗುರುತು ಬಂಡೆಯ ಮೇಲೆ ಉಳಿಯಿತು ಎಂದು ಅವರ ನಂಬಿಕೆ. ಹರಕೆ ಹೊತ್ತವರು ಅಲ್ಲಿಗೆ ಹೋಗಿ ಮಾಲಿದಾ ಮಾಡುತ್ತಾರೆ. ಅಂದರೆ ಅವಲಕ್ಕಿಯನ್ನು ನೆನೆಸಿ, ಬೆಲ್ಲ, ಕಾಯಿ, ಏಲಕ್ಕಿ ಬೆರೆಸಿ, ಸುತ್ತ ಹಣ್ಣು ಇಟ್ಟು, ಪ್ರವಾದಿಯನ್ನು ನೆನೆದು ಎಲ್ಲರಿಗೂ ಹಂಚುವುದು. ಅಕ್ಕ ಹುಟ್ಟಿದ್ದು ಮುಂಬಯಿಯಲ್ಲಿ. ಬೋಟಿನಲ್ಲಿ ಕಾಲಿಟ್ಟರೆ ವಾಂತಿ, ಬಸ್ಸು ಹತ್ತಿದರೂ ವಾಂತಿ. ಆ ಬಂಡೆಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಮಗಳು ಎದ್ದು ಕೂತಳು.

ಅಕ್ಕ ಒಂದು ಸ್ಟೀಲ್ ಡಬ್ಬಿಯಲ್ಲಿ ಅವಲಕ್ಕಿ, ಬೆಲ್ಲ, ಒಂದು ತೆಂಗಿನಕಾಯಿ, ಬಾಳೆಹಣ್ಣು, ಪೊಟ್ಟಣದಲ್ಲಿ ಏಲಕ್ಕಿ ಪುಡಿ ಎಲ್ಲ ಕಟ್ಟಿಕೊಟ್ಟಳು. ಮಳೆ ಮುಗಿದ ಮೇಲಿನ ಒಂದು ಭಾನುವಾರ ನಾನು ಆ ಕಡೆಯ ಬೋಟು ಹೊರಡುವ ಭಾವೂಚಾ ಧಕ್ಕಾಕ್ಕೆ ಹೋದೆ. ಸಮುದ್ರ ಶಾಂತವಾಗಿತ್ತು. ಬೋಟು ನಿಂತಿತ್ತು. ಟಿಕೆಟ್ ಕಿಟಕಿಯಲ್ಲಿ ಸಾಲು ಕೂಡ ಇರಲಿಲ್ಲ. ನನಗೆ ಯಾವ ಅಡ್ಡಿಯೂ ಇರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆಯುತ್ತೇನೆ, ಏಕೆಂದರೆ ಮುಂದೆ ನನ್ನ ಮನಸ್ಸಿನಲ್ಲಿ ನಾನೇ ಎಷ್ಟೋ ಸಲ ಆ ಸಮುದ್ರಕ್ಕೆ ಅಲೆ ಎಬ್ಬಿಸಿದ್ದೇನೆ, ಆ ಬೋಟನ್ನು ಕೆಡಿಸಿದ್ದೇನೆ. ನಿಜ ಏನೆಂದರೆ ನನಗೆ ನಿದ್ದೆ ಬೇಕಾಗಿತ್ತು. ಜ್ವರದ ದಿನಗಳಲ್ಲಿ ಸರಿಯಾಗಿ ಮಲಗಿರಲಿಲ್ಲ, ಎಷ್ಟೋ ದಿನಗಳ ಮೇಲೆ ಒಂದು ರಜೆ ಸಿಕ್ಕಿತ್ತು. ಮಗಳು ಎದ್ದದ್ದು ಡಾಕ್ಟರ ಔಷಧದಿಂದ, ಬಂಡೆಗೆ ಅವಲಕ್ಕಿ ತೋರಿಸಿ ಬರಲು ಒಂದಿಡೀ ದಿನ ಯಾಕೆ ಎಂದು ಜಾಣನಂತೆ ಯೋಚಿಸಿದೆ. ಬೋಟು ಹೋಗುವುದನ್ನು ನೋಡುತ್ತಾ ನಿಂತೆ. ಆಮೇಲೆ ದಾದರಿಗೆ ಲೋಕಲ್ ಹಿಡಿದೆ. ಕಾಲುಗಳಿಗೆ ದಿನವೂ ನಡೆದು ಗೊತ್ತಿದ್ದ ದಾರಿ ಅದೊಂದೇ.

ದಾದರ್ ಚೌಪಾಟಿಯಲ್ಲಿ ನೆರಳು ಹುಡುಕಿ ಮಲಗಿದೆ. ಎದ್ದಾಗ ಹೊಟ್ಟೆ ಹಸಿದಿತ್ತು. ಡಬ್ಬಿ ತೆಗೆದು ಅವಲಕ್ಕಿ ಬೆಲ್ಲ ತಿಂದೆ, ಬಾಳೆಹಣ್ಣೂ ತಿಂದೆ. ಸಮುದ್ರ ಹಿಂದೆ ಸರಿದು ಕಪ್ಪು ಕಲ್ಲುಗಳು ಮೇಲೆ ಎದ್ದಿದ್ದವು. ಒಂದು ಕಲ್ಲಿನ ತಗ್ಗಿನಲ್ಲಿ ನೀರು ನಿಂತಿತ್ತು, ಅದರಲ್ಲಿ ಸಣ್ಣ ಏಡಿಯೊಂದು ಆಕಾಶದ ನೆರಳಿನ ಮೇಲೆ ಅಡ್ಡಡ್ಡ ನಡೆಯುತ್ತಿತ್ತು. ಅದನ್ನು ಬಹಳ ಹೊತ್ತು ನೋಡಿದೆ. ನನ್ನ ಜೀವನದಲ್ಲಿ ಅಷ್ಟು ನಿಶ್ಚಿಂತೆಯಿಂದ ಯಾವುದನ್ನೂ ನೋಡಿದ ನೆನಪಿಲ್ಲ. ಸಂಜೆ ಅದೇ ಕಲ್ಲಿಗೆ ತೆಂಗಿನಕಾಯಿ ಒಡೆದೆ. ಉಳಿದ ಅವಲಕ್ಕಿಯನ್ನು ಕಾಯಿನೀರಿನಲ್ಲಿ ನೆನೆಸಿ, ಬೆಲ್ಲ ಏಲಕ್ಕಿ ಕಲಸಿದೆ.

ಅಕ್ಕ ಚಾಳಿನ ಗ್ಯಾಲರಿಯಲ್ಲಿ ಕಾಯುತ್ತಾ ನಿಂತಿದ್ದಳು.

“ಹೋಗಿಬಂದಿ?”

“ಹೂಂ.”

“ಬಂಡೆ ಹೆಂಗೈತಿ ಹೇಳು.”

ಹೆಂಡತಿ, ಮಗಳು, ಅಕ್ಕ, ಅವಳ ಮಗ ಎಲ್ಲರೂ ಕೂತರು. ನಾನು ಗೋಡೆಗೆ ಒರಗಿ, ಕಾಲು ಮಡಚಿ, ಸೀರೆಯಂತೆಯೇ ಬಂಡೆಯನ್ನು ಬಿಡಿಸಿದೆ. ಮೊದಲು ಅದರ ಒಡಲು, ಕಪ್ಪು, ಆನೆಯ ಬೆನ್ನಿನಷ್ಟು. ಆಮೇಲೆ ಅಂಚು, ಗಾಲಿಯ ಗೆರೆ, ಬೆರಳಿಟ್ಟರೆ ಬೆಚ್ಚಗೆ ಅನ್ನಿಸುತ್ತದೆ ಎಂದೆ. ಗೆರೆಯಲ್ಲಿ ನೀರು ಇತ್ತು ಎಂದೆ. ಕೊನೆಗೆ ಸೆರಗು ಬಿಚ್ಚಿದೆ: “ನೀರಾಗ ಒಂದು ಏಡಿ ಇತ್ತು ಅಕ್ಕಾ. ನನ್ನ ಉಗುರಿನಷ್ಟು. ನಾ ಮಾಲಿದಾ ಇಟ್ಟಾಗ ಹೊರಗ ಬಂದು ನೋಡಿ ಒಳಗ ಹೋತು.”

ಅಕ್ಕ ಅತ್ತಳು. ಮೊದಲ ತುತ್ತನ್ನು ಮಗಳ ಬಾಯಿಗಿಟ್ಟಳು. ಆಮೇಲೆ ತಾನು ಕಣ್ಣು ಮುಚ್ಚಿ ತಿಂದಳು.

ಮುಂದಿನ ವರ್ಷ ಅವಳೂ ಮಗನೂ ಇಸ್ರೇಲಿಗೆ ಹೊರಟುಹೋದರು. ಖೋಲಿಯ ಬಾಗಿಲ ಚೌಕಟ್ಟಿಗೆ ಓರೆಯಾಗಿ ಹೊಡೆದಿದ್ದ ಸಣ್ಣ ಡಬ್ಬಿಯನ್ನು, ಅವರ ದೇವರ ಮಾತು ಇರುವ ಡಬ್ಬಿಯನ್ನು, ಅವಳು ಬಿಚ್ಚಿಕೊಂಡಾಗ ಮೊಳೆಯ ಎರಡು ತೂತು ಉಳಿದವು. ಹೊರಡುವಾಗ ಮಗಳ ತಲೆ ಮುಟ್ಟಿ “ಇದು ಬಂಡೆಯ ಕೂಸು” ಎಂದಳು.

ಆಮೇಲೆ ಮಗಳಿಗೆ ಯಾವಾಗ ಮೈ ಬಿಸಿಯಾದರೂ ನನಗೆ ಆ ಬೋಟು ನೆನಪಾಗುತ್ತಿತ್ತು. ಶಾಲೆಯಲ್ಲಿದ್ದಾಗ, ಕಾಲೇಜಿನಲ್ಲಿದ್ದಾಗ, ಅವಳ ಹೆರಿಗೆಯಲ್ಲಿ. ಹೋಗಿಬಂದರಾಯಿತು ಎಂದುಕೊಳ್ಳುತ್ತಿದ್ದೆ. ಆದರೆ ಈಗ ಹೋದರೆ ಆಗ ಹೋಗಿರಲಿಲ್ಲ ಎಂದು ಒಪ್ಪಿಕೊಂಡಂತೆ. ಹೆಂಡತಿ ಸಾಯುವ ತನಕ ಮಗಳಿಗೆ ಬಂಡೆಯ ಕಥೆ ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹೂಂಗುಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಮಗಳು ಮೊಬೈಲಿನಲ್ಲಿ ಹುಡುಕಿ ಹುಡುಕಿ ಅಕ್ಕನ ಮೊಮ್ಮಗಳನ್ನು ಹಿಡಿದಳು. ಅಕ್ಕ ಇನ್ನೂ ಇದ್ದಳು, ದಿಮೋನಾ ಎಂಬ ಮರುಭೂಮಿಯ ಊರಿನಲ್ಲಿ. ಮಗ ತೀರಿಕೊಂಡಿದ್ದ, ಮೊಮ್ಮಗಳ ಮನೆಯಲ್ಲಿದ್ದಳು. “ಪಪ್ಪಾ, ಚಲ, ಹೋಗೋಣ. ಆಮೇಲೆ ಮಾವಶಿ ಇರಲಿಲ್ಲ ಅಂದ್ರೆ?” ಎಂದಳು ಮಗಳು. ಅಲ್ಲಿ ಶಾಂತವಾಗಿದ್ದ ಒಂದು ಚಳಿಗಾಲದಲ್ಲಿ, ವಸಯಿಯ ಕ್ರಿಶ್ಚಿಯನ್ನರ ಯಾತ್ರೆಯ ಗುಂಪಿನ ಜೊತೆ ನಾವಿಬ್ಬರೂ ಹೊರಟೆವು.

ಆ ದಿನಗಳು ನನಗೆ ಒಂದೇ ಉದ್ದನೆಯ ಬೆಳಗಿನ ಜಾವದಂತೆ ನೆನಪಿವೆ. ಬಸ್ಸಿನಲ್ಲಿ ವಸಯಿಯ ಅಜ್ಜಿಯರು ಭಜನೆ ಹಾಡುತ್ತಿದ್ದರು, ನಾನು ಕಿಟಕಿಗೆ ತಲೆ ಇಟ್ಟು ಎಚ್ಚರಕ್ಕೂ ನಿದ್ದೆಗೂ ನಡುವೆ ಇರುತ್ತಿದ್ದೆ. ಪ್ರತಿ ಊರಿನಲ್ಲೂ ಗೈಡ್ ಒಂದು ಕಲ್ಲು ತೋರಿಸಿ, ಇಲ್ಲಿಯೇ ಅದು ನಡೆಯಿತು ಎನ್ನುತ್ತಿದ್ದ. ಜನ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಎಷ್ಟು ಕೈಗಳು ಮುಟ್ಟಿದ್ದವೋ, ಆ ಕಲ್ಲುಗಳು ಸಾಬೂನಿನಂತೆ ನುಣುಪಾಗಿದ್ದವು. ಮೃತ ಸಮುದ್ರದಲ್ಲಿ ನಾನು ಅಂಗಾತ ಮಲಗಿದೆ. ನೀರು ನನ್ನನ್ನು ಕೆಳಗೆ ಬಿಡಲಿಲ್ಲ. ಕಿವಿಯೊಳಗೆ ನೀರು ಹೋಗಿ ಹೊರಗಿನ ಸದ್ದು ನಿಂತಾಗ, ನಮ್ಮ ಚಾಳಿನ ನಳಕ್ಕೆ ನೀರು ಬಂದ ಗದ್ದಲ ದೂರದಿಂದ ಕೇಳಿದಂತಾಯಿತು.

ಮಸಾದಾ ಎಂಬ ಬೆಟ್ಟದ ಮೇಲೆ ಹಳೆಯ ಕೋಟೆಯೊಂದಿದೆ. ಅಲ್ಲಿನ ಗೋಡೆಗಳ ಮೇಲೆ ಒಂದು ಕಪ್ಪು ಗೆರೆ ಎಳೆದಿದ್ದಾರೆ. ಗೆರೆಯ ಕೆಳಗಿನದು ಆ ಕಾಲದ್ದು, ಮೇಲಿನದು ಈಗಿನವರು ಕಟ್ಟಿ ಪೂರ್ತಿ ಮಾಡಿದ್ದು ಎಂದು ಗೈಡ್ ಹೇಳಿದ. ಎರಡೂ ಒಂದೇ ಕಲ್ಲು, ಒಂದೇ ಬಣ್ಣ. ಗೆರೆ ಇಲ್ಲದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಉಳಿದವರು ಮುಂದೆ ಹೋದರೂ ನಾನು ಆ ಗೆರೆಯ ಎದುರು ನಿಂತೇ ಇದ್ದೆ. ಮಗಳು ಹಿಂದಕ್ಕೆ ಬಂದು, “ಪಪ್ಪಾ, ಸ್ವೆಟರ್ ಹಾಕ್ಕೊ ನಾ, ಠಂಡಿ ಐತಿ” ಎಂದಳು.

ಉತ್ತರದಲ್ಲಿ, ಸಮುದ್ರದ ಪಕ್ಕದ ಬೆಟ್ಟದಲ್ಲಿ ಆ ಪ್ರವಾದಿಯದೇ ಒಂದು ಗವಿ ಇದೆ. ಮಗಳು ಮೇಣದಬತ್ತಿ ಹಚ್ಚಿ ಕೇಳಿದಳು, “ಇವ್ರೇ ನಾ ನಮ್ಮವ್ರು? ಬಂಡೆವಾಲೆ?” ನಾನು ಹೂಂ ಎಂದೆ. ಅವಳು ಕೈ ಮುಗಿದು ನಿಂತಳು, ತಲೆಯಲ್ಲಿ ಬಿಳಿ ಕೂದಲು ಬಂದಿರುವ ನನ್ನ ಮೂರು ವರ್ಷದ ಮಗಳು. ಇಲ್ಲಿಂದ ಅಕ್ಕನ ಮನೆಗೆ ಹೋಗಿ ಮತ್ತೆ ಹೂಂ ಎನ್ನುವುದು ನನ್ನಿಂದ ಆಗುವುದಿಲ್ಲ ಎಂದು ಆ ಗವಿಯಲ್ಲಿ ನನಗೆ ತಿಳಿಯಿತು.

ದಿಮೋನಾದ ಮನೆಯ ಬಾಗಿಲಿಗೆ, ಚಾಳಿನಿಂದ ಬಿಚ್ಚಿಕೊಂಡು ಹೋದ ಅದೇ ಹಳೆಯ ಡಬ್ಬಿ ಓರೆಯಾಗಿ ಇತ್ತು. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು, ಕುಗ್ಗಿ ಬಹಳ ಚಿಕ್ಕವಳಾಗಿದ್ದಳು. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು. ನನ್ನನ್ನು ನೋಡಿ, “ತಮ್ಮಾ, ಹಲ್ಲೆಲ್ಲಾ ಎಲ್ಲಿ ಮಾರಿದ್ಯೋ?” ಎಂದಳು.

“ನೀವು ವಿಮಾನದಾಗ ಹೆಂಗ ಬಂದ್ರಿ ಅಕ್ಕಾ? ಬಸ್ಸೇ ಆಗ್ತಿರಲಿಲ್ಲ ನಿಮಗ.”

“ದಾರಿ ತುಂಬ ವಾಂತಿ. ಇಳಿದ ಮ್ಯಾಲೂ ಮಾಡಿದೆ. ಈ ದೇಶಕ್ಕ ನಾ ಕೊಟ್ಟ ಮೊದಲನೇ ಕಾಣಿಕಿ ಅದು.”

ಮೊಮ್ಮಗಳು ನಕ್ಕಳು. ಅವಳಿಗೆ ನಮ್ಮ ಮಾತು ಅರ್ಧಂಬರ್ಧ ತಿಳಿಯುತ್ತಿತ್ತು. ಅವಳ ಪುಟ್ಟ ಮಗಳು ಬಾಗಿಲ ಹಿಂದಿನಿಂದ ನಮ್ಮನ್ನು ನೋಡುತ್ತಿದ್ದಳು. ಅಕ್ಕ ನನ್ನ ಕಡೆ ಬೆರಳು ಮಾಡಿ ಅವರ ಭಾಷೆಯಲ್ಲಿ ಏನೋ ಹೇಳಿದಳು. ಆ ಹುಡುಗಿ ಮುಂದೆ ಬಂದು, ಎರಡು ಕೈಗಳ ಬೆರಳುಗಳನ್ನು ಮಡಚಿ ಬಿಚ್ಚಿ, ಕುರ್ಚಿಯ ತೋಳಿನ ಮೇಲೆ ಏಡಿಯಂತೆ ಅಡ್ಡಡ್ಡ ನಡೆಸಿದಳು. ಹೊರಗೆ ಬಂದು ನೋಡಿ ಒಳಗೆ ಹೋಗುವ ಏಡಿ.

“ನನ್ನ ಮಗಾ ಹಿಂಗ ಮಾಡ್ತಿದ್ದ, ಇವಳೂ ಮಾಡ್ತಿದ್ಳು, ಈಗ ಇದು,” ಎಂದಳು ಅಕ್ಕ. “ಮಾಲಿದಾ ಮಾಡಿದಾಗೆಲ್ಲ ಬಂಡೆ ಹೆಂಗೈತಿ ಹೇಳು ಅಂತಾವ. ನಾ ಹೇಳ್ತೀನಿ. ಆನಿ ಬೆನ್ನು, ಬೆಚ್ಚಗಿನ ಗೆರಿ, ನೀರು. ನೀ ಹೇಳಿದ್ದು ಒಂದೂ ಬಿಟ್ಟಿಲ್ಲ. ಈಗ ನೀನ ಹೇಳು, ನಿನ್ನ ಬಾಯಿಂದ ಕೇಳಲಿ.”

ಎಲ್ಲರೂ ನನ್ನ ಮುಖ ನೋಡಿದರು.

“ಅಕ್ಕಾ, ನಾ ಅಲ್ಲಿಗೆ ಹೋಗಿಲ್ಲ.”

“ಎಲ್ಲಿಗೆ?”

“ಬಂಡೆಗೆ. ಧಕ್ಕಾತನ ಹೋದೆ. ಬೋಟು ಹತ್ತಲಿಲ್ಲ. ದಾದರ್ ಚೌಪಾಟ್ಯಾಗ ಮಲಗಿದ್ದೆ. ಅವಲಕ್ಕಿ ಅರ್ಧ ನಾನ ತಿಂದೆ. ಉಳಿದದ್ದು ಕಲಸಿಕೊಂಡು ಬಂದೆ.”

ನನ್ನ ಮಗಳು ನೆಲ ನೋಡತೊಡಗಿದಳು. ಮೊಮ್ಮಗಳು ಏನಾಯಿತು ಎಂದು ಅವಳ ತೋಳು ಮುಟ್ಟಿ ಕೇಳಿದಳು, ಅವಳು ತಲೆ ಅಲ್ಲಾಡಿಸಿದಳು. ಅಕ್ಕ ಕಿಟಕಿಯ ಕಡೆ ತಿರುಗಿದಳು. ಹೊರಗೆ ಮರಳು, ಆಚೆ ಒಂದು ಬಸ್ ಸ್ಟಾಪು. ಆ ಕಡೆಯೇ ನೋಡುತ್ತಾ ಕೇಳಿದಳು.

“ಬೆಚ್ಚಗಿತ್ತು ಅಂದಿ?”

“ಸುಳ್ಳು.”

“ಆನಿ ಬೆನ್ನು?”

“ಸುಳ್ಳು ಅಕ್ಕಾ.”

“ಏಡಿ?”

ಆ ಒಂದು ಮಾತನ್ನು ಕೇಳುವಾಗ ಅವಳ ದನಿ ಇಳಿದಿತ್ತು. ಪುಟ್ಟ ಹುಡುಗಿ ಇನ್ನೂ ಕುರ್ಚಿಯ ತೋಳಿನ ಮೇಲೆ ಬೆರಳು ನಡೆಸುತ್ತಿದ್ದಳು.

“ಏಡಿ ಖರೆ. ಆದರ ಅದು ದಾದರದ್ದು. ಚೌಪಾಟಿ ಕಲ್ಲಿನೊಳಗ ನೋಡಿದ್ದೆ.”

“ನೋಡಿದ್ದಿ?”

“ಭಾಳ ಹೊತ್ತು ನೋಡಿದೆ.”

ಅಕ್ಕ ಹುಡುಗಿಯ ಕೈ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. “ಇವಕ್ಕ ಈಗ ಏನ್ ಹೇಳ್ಲಿ ನಾ?” ಎಂದಳು. ಆಮೇಲೆ ಮೊಮ್ಮಗಳು ಚಹಾ ತಂದಳು, ಚಪಾತಿ ಬಟಾಟೆ ಭಾಜಿ ಬಡಿಸಿದಳು. ಅಕ್ಕ ನನ್ನ ಮಗಳ ಜೊತೆ ಅವಳ ಮಕ್ಕಳ ಬಗ್ಗೆ, ಭಾಯಖಳಾದ ಚಾಳನ್ನು ಕೆಡವಿ ಟವರ್ ಕಟ್ಟಿದ್ದರ ಬಗ್ಗೆ ಮಾತಾಡಿದಳು. ನನ್ನ ಜೊತೆ ಮಾತಾಡಲಿಲ್ಲ. ಹೊರಡುವಾಗ ನಾನು ಬಗ್ಗಿ ಅವಳ ಕಾಲು ಮುಟ್ಟಿದೆ. ಅವಳು ಆಶೀರ್ವಾದ ಮಾಡಲಿಲ್ಲ, ಕಾಲು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

“ಹೋಗು,” ಎಂದಳು. “ನೋಡು. ಏನೈತಿ ಅಷ್ಟ ಬಂದು ಹೇಳು. ಮಾರಬ್ಯಾಡ.”

ಹಿಂದಿರುಗುವ ಬಸ್ಸಿನಲ್ಲಿ ಮಗಳು ನನ್ನ ಪಕ್ಕ, ಕಿಟಕಿಯ ಹತ್ತಿರ ಕೂತಳು. ಮರುಭೂಮಿಯ ಮೇಲೆ ಸಂಜೆ ಇಳಿಯುತ್ತಿತ್ತು, ಬೆಟ್ಟಗಳು ಒಂದೊಂದಾಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದವು.

“ಮಮ್ಮಿಗೆ ಗೊತ್ತಿತ್ತಾ?”

“ಇಲ್ಲ.”

“ಅವಳೂ ತಿಂದ್ಳು ಅದನ್ನ. ನಾನೂ?”

“ಮೊದಲನೇ ತುತ್ತು ನಿಂದೇ.”

ಅವಳು ಕಿಟಕಿಗೆ ತಲೆ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ, ನಿದ್ದೆಯಲ್ಲೋ ಎಚ್ಚರದಲ್ಲೋ, ನನ್ನ ಸ್ವೆಟರಿನ ಗುಂಡಿ ಹಾಕಿದಳು.

ಮುಂಬಯಿಗೆ ಬಂದು ಒಂದು ವಾರವೂ ಆಗಿರಲಿಲ್ಲ, ನಾವಿಬ್ಬರೂ ಭಾವೂಚಾ ಧಕ್ಕಾಕ್ಕೆ ಹೋದೆವು. ಈಗ ಅಲ್ಲಿ ದೊಡ್ಡ ಹಡಗು, ಕಾರುಗಳೇ ಒಳಗೆ ಹೋಗುತ್ತವೆ. ಡಬ್ಬಿ ಮಗಳ ಕೈಯಲ್ಲಿತ್ತು, ನನ್ನ ಕೈಗೆ ಕೊಡಲಿಲ್ಲ. “ನೀ ರಸ್ತಾದಾಗ ತಿಂತಿ,” ಎಂದಳು. ನಾನು ಹತ್ತಿದೆ. ಹಿಂದೆ ತಿರುಗಿ ನೋಡಿದಾಗ ಧಕ್ಕಾದ ಮೇಲೆ ಯಾರೋ ನಿಂತಿದ್ದಂತೆ ಕಂಡಿತು, ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದ ಯುವಕ, ಬೋಟು ಹೋಗುವುದನ್ನು ನೋಡುತ್ತಾ. ನೀರಿನ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

ಬಂಡೆಗೆ ಈಗ ಸುತ್ತ ಕಬ್ಬಿಣದ ಕಟಕಟೆ ಹಾಕಿದ್ದಾರೆ. ಪಕ್ಕದಲ್ಲಿ ಕೂಡಲು ಜಾಗ ಮಾಡಿದ್ದಾರೆ. ಬಂಡೆ ನಾನು ಹೇಳಿದ್ದಕ್ಕಿಂತ ಚಿಕ್ಕದು. ಬಣ್ಣ ಕಪ್ಪಲ್ಲ, ಬೂದಿ. ಗೆರೆಗಳು ಇವೆ. ಮುಟ್ಟಿದೆ, ಬಿಸಿಲು ಬಿದ್ದ ಕಡೆ ಬೆಚ್ಚಗಿತ್ತು, ನೆರಳಿದ್ದ ಕಡೆ ತಣ್ಣಗಿತ್ತು. ನೀರು ಇರಲಿಲ್ಲ. ಒಣಗಿದ ಎಲೆ, ಇರುವೆಗಳ ಸಾಲು. ಮಗಳು ಅವಲಕ್ಕಿ ನೆನೆಸಿ, ಅಕ್ಕನ ಮೊಮ್ಮಗಳು ಬರೆದು ಕಳಿಸಿದ ಹಾಗೆ ಕಲಸಿ, ಸುತ್ತ ಹಣ್ಣು ಇಟ್ಟಳು. ಆಮೇಲೆ ವಿಡಿಯೋ ಕಾಲ್ ಮಾಡಿ ಫೋನನ್ನು ನನ್ನ ಕೈಗೆ ಕೊಟ್ಟಳು. ಅದರಲ್ಲಿ ಮೊದಲು ಒಂದು ಕಿವಿ ಕಂಡಿತು, ಆಮೇಲೆ ಅಕ್ಕನ ಮುಖ, ಅವಳ ಪಕ್ಕ ಪುಟ್ಟ ಹುಡುಗಿ.

“ಹೇಳು.”

“ಸಣ್ಣದೈತಿ ಅಕ್ಕಾ. ಬೂದಿ ಬಣ್ಣ. ನಮ್ಮ ಚಾಳಿನ ನೀರಿನ ಟಾಕಿ ಇತ್ತಲ್ಲ, ಅಷ್ಟ. ಗೆರಿ ಅದಾವ. ನೀರಿಲ್ಲ. ಏಡಿ ಇಲ್ಲ. ಇರಿವಿ ಅದಾವ.”

ಹೇಳುತ್ತಾ ಹೇಳುತ್ತಾ ನನ್ನ ನಾಲಿಗೆ ತಡವರಿಸಿತು. ಇನ್ನೇನಾದರೂ ಸೇರಿಸು, ಆ ಮುದುಕಿಗೆ ಏನಾದರೂ ಒಂದು ಕೊಡು ಎಂದು ಅದು ಎಷ್ಟು ಜಗ್ಗಿತು ಎಂಬುದು ನನಗೊಬ್ಬನಿಗೇ ಗೊತ್ತು. ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡೆ.

“ಇರಿವಿ ಎತ್ತ ಹೊಂಟಾವ?” ಎಂದಳು ಅಕ್ಕ.

ನೋಡಿದೆ. “ಮಾಲಿದಾ ಕಡೆ.”

ಅವಳು ಹುಡುಗಿಗೆ ಅವರ ಭಾಷೆಯಲ್ಲಿ ಅದನ್ನು ಹೇಳಿದಳು. ಹುಡುಗಿ ಫೋನಿಗೆ ಮೂಗು ಹಚ್ಚಿ, ಎರಡು ಬೆರಳನ್ನು ಸಣ್ಣಗೆ ಸಣ್ಣಗೆ ನಡೆಸಿ ನೋಡಿದಳು. ನಾನು ಫೋನಿನ ಕ್ಯಾಮೆರಾವನ್ನು ಬಂಡೆಯ ಕಡೆ ತಿರುಗಿಸಿದೆ, ಬಂಡೆ ಫೋನಿನಲ್ಲಿ ಅಲ್ಲಾಡುತ್ತಿತ್ತು.

“ತಮ್ಮಾ, ಗಟ್ಟಿ ಹಿಡಿ,” ಎಂದಳು ಅಕ್ಕ. “ನಾ ಇನ್ನೂ ನೋಡಿಲ್ಲ.”

ನಾನು ಎರಡೂ ಕೈಯಲ್ಲಿ ಹಿಡಿದು, ಮೊಣಕೈಯನ್ನು ಕಟಕಟೆಗೆ ಊರಿ ನಿಂತೆ. ಮಗಳು ಪಕ್ಕಕ್ಕೆ ಬಂದು ನಿಂತಳು. ಅಕ್ಕ ನೋಡುತ್ತಲೇ ಇದ್ದಳು.